ಟಾರ್ಟ್ ಪ್ಯಾನ್ ಯಾವುದು ತಗೊಳ್ಳಲಿ? 9 ಇಂಚಿನದು ನಮ್ಮ ಓಟಿಜಿಯಲ್ಲಿ ಕೂರುತ್ತಾ?

ಬಾದಾಮಿಪುರಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಕೇಕು, ಬಿಸ್ಕತ್ತು ಮಾಡೋಕೆ ಶುರು ಮಾಡಿ ಮೂರು ವರ್ಷವಾಯಿತು. ಟಾರ್ಟ್ (ಗರಿಗರಿ ಕಣಕದ ಚಿಪ್ಪಿಗೆ ಹೂರಣ ತುಂಬುವ ತಿಂಡಿ) ಮಾತ್ರ ಮಾಡಿಲ್ಲ. ಮೇ ಕೊನೆಗೆ ಮಗಳ ಹುಟ್ಟುಹಬ್ಬ. ಬಾದಾಮಿ ಮಾವು ಸಿಗುವಾಗಲೇ ಒಂದು ಮಾವಿನ ಟಾರ್ಟ್ ಮಾಡೋಣ ಅಂತ ಆಸೆ.

ಕಳೆದ ವಾರ ಸುಮ್ನೆ ಒಂದು ಪ್ರಯೋಗ ಮಾಡಿದೆ. ಪ್ಯಾನ್ ಇಲ್ಲವಲ್ಲ, ಊಟದ ಸ್ಟೀಲ್ ತಟ್ಟೆಯಲ್ಲೇ ಕಣಕ ಹರಡಿ ಬೇಯಿಸಿದೆ. ಅಂಚು ಕಂದು ಬಣ್ಣಕ್ಕೆ ತಿರುಗಿತು, ನಡುವೆ ಹಸಿ ಹಸಿ. ತಟ್ಟೆಯಿಂದ ಎಬ್ಬಿಸೋಕೆ ಹೋದರೆ ನಾಲ್ಕು ಚೂರು. ನಮ್ಮ ಅತ್ತೆ ಅದನ್ನೇ ಪುಡಿ ಮಾಡಿ ಹಾಲಿಗೆ ಹಾಕಿಕೊಂಡು ತಿಂದು "ಏನಾಗಿದೆ ಇದಕ್ಕೆ, ಚೆನ್ನಾಗೇ ಇದೆ" ಅಂದರು. ಆದರೆ ಹುಟ್ಟುಹಬ್ಬಕ್ಕೆ ಪುಡಿ ಬಡಿಸೋಕಾಗುತ್ತಾ?

ಆನ್‌ಲೈನಲ್ಲಿ ಹುಡುಕಿದರೆ ತಲೆ ಕೆಡುತ್ತೆ. ತಳ ಬಿಚ್ಚುವುದು, ಬಿಚ್ಚದಿರುವುದು, ಕಪ್ಪು, ಬೆಳ್ಳಿ ಬಣ್ಣ, ಗಾಜು, ಪಿಂಗಾಣಿ, ಸಿಲಿಕಾನ್. 7 ಇಂಚಿನಿಂದ 11 ಇಂಚಿನವರೆಗೆ. ರೆಸಿಪಿಗಳೆಲ್ಲ 9 ಇಂಚು ಅನ್ನುತ್ತವೆ. ನಮ್ಮದು 28 ಲೀಟರ್ ಓಟಿಜಿ, ಅದೇ ಮೇಜಿನ ಮೇಲಿಡುವ ಕರೆಂಟ್ ಓವನ್. ಯಾವುದು ತಗೊಳ್ಳಲಿ?

ಅರ್ಧಕಪ್ (ಬೆಂಗಳೂರು)

ಪ್ಯಾನ್ ವಿಷಯ ಆಮೇಲೆ. ಮೊದಲು ಟೇಪು ತಗೊಂಡು ಓಟಿಜಿ ಒಳಗೆ ಅಳೆಯಿರಿ. ಲೀಟರ್ ನಂಬಬೇಡಿ ಮೇಡಂ. ಅದು ಅಗಲ, ಎತ್ತರ, ಆಳ ಮೂರನ್ನೂ ಗುಣಿಸಿ ಬಂದ ಸಂಖ್ಯೆ. ಎತ್ತರ ಜಾಸ್ತಿ ಇದ್ದರೂ ಲೀಟರ್ ಜಾಸ್ತಿ ಕಾಣುತ್ತೆ. ಒಂದು ಇಂಚು ಎತ್ತರದ ಟಾರ್ಟ್‌ಗೆ ಆ ಎತ್ತರ ಕಟ್ಟಿಕೊಂಡು ಏನಾಗಬೇಕು? ನಿಮಗೆ ಬೇಕಿರೋದು ಬಾಗಿಲಿನಿಂದ ಹಿಂದಿನ ಗೋಡೆಯವರೆಗಿನ ಅಳತೆ. ಬಹಳಷ್ಟು ಓಟಿಜಿಗಳು ಅಡ್ಡಕ್ಕೆ ಉದ್ದ ಇರುತ್ತವೆ, ಆಳಕ್ಕೆ ಕಡಿಮೆ. ಪ್ಯಾನ್ ದುಂಡಗಿರುವುದರಿಂದ ಆಳವೇ ಲೆಕ್ಕಕ್ಕೆ ಬರೋದು.

9 ಇಂಚು ಅಂದರೆ 23 ಸೆಂ.ಮೀ. ಅಂಚಿನ ಮಡಿಕೆ ಸೇರಿ 24ರ ಮೇಲೆ ಹೋಗುತ್ತೆ. ಸುತ್ತಲೂ ಕನಿಷ್ಠ 2 ಸೆಂ.ಮೀ ಜಾಗ ಬಿಡಿ. ಗೋಡೆಗೆ ಒತ್ತಿಕೊಂಡರೆ ಆ ಕಡೆ ಕರಕಲು, ಈ ಕಡೆ ಬಿಳಿ.

ಇನ್ನೊಂದು ಮಾತು. ಮಾರುವವರು ಅಳತೆಯನ್ನು ಎಲ್ಲಿಂದ ಎಲ್ಲಿಗೆ ಹಿಡಿಯುತ್ತಾರೆ ಅಂತ ಕೇಳಿ. ನಾನು ಆನ್‌ಲೈನಲ್ಲಿ "9 ಇಂಚು" ಅಂತ ತರಿಸಿದ್ದು ಮನೆಗೆ ಬಂದ ಮೇಲೆ ಅಳೆದರೆ ಒಳಗಡೆ ಎಂಟೂಕಾಲು. ಹೊರಗಿನ ಅಂಚನ್ನೂ ಸೇರಿಸಿ ಒಂಬತ್ತು ಮಾಡಿದ್ದರು ಪುಣ್ಯಾತ್ಮರು. ನಿಂಬೆ ಹೂರಣ ಒಂದು ಲೋಟ ಉಳಿಯಿತು. ಮಗ ಚಮಚದಲ್ಲಿ ತಿಂದ, ಅವನಿಗೇನೂ ಬೇಜಾರಾಗಲಿಲ್ಲ.

ಸುಮ್ನೆ ಕೇಳ್ದೆ (ತುಮಕೂರು)

ಒಂದು ಟಾರ್ಟ್‌ಗೋಸ್ಕರ ಬೇರೆ ಪ್ಯಾನೇ ಯಾಕೆ? ಮನೆಯಲ್ಲಿ ಕೇಕ್ ಟಿನ್ ಇರುತ್ತಲ್ಲ. ವರ್ಷಕ್ಕೆ ಎರಡು ಸಲ ಮಾಡೋಕೆ ಅಟ್ಟದ ಮೇಲೆ ಇನ್ನೊಂದು ಪಾತ್ರೆ ಯಾಕೆ ಅಂತ ನಮ್ಮನೆಯವರು ಕೇಳುತ್ತಾರೆ. ಅವರ ಮಾತಲ್ಲೂ ನ್ಯಾಯ ಇದೆ.

ಅರ್ಧಕಪ್ (ಬೆಂಗಳೂರು)

ಖಂಡಿತ ಮಾಡಬಹುದು. ಪಕ್ಕದಲ್ಲಿ ಕ್ಲಿಪ್ ಇರುವ, ಬಿಚ್ಚುವ ಕೇಕ್ ಟಿನ್ ಇದ್ದರೆ ಸಾಕು. ಕಣಕವನ್ನು ಗೋಡೆಗೆ ಒಂದು ಇಂಚಿನಷ್ಟೇ ಹತ್ತಿಸಿ, ಮೇಲಂಚನ್ನು ಚಾಕುವಿನಿಂದ ಸಮ ಮಾಡಿ. ಗಾಳಿಗೆ ಎತ್ತರದ ಗೋಡೆ ಅಡ್ಡ ಬರುವುದರಿಂದ ಅಂಚು ಸ್ವಲ್ಪ ನಿಧಾನಕ್ಕೆ ಬಣ್ಣ ಬರುತ್ತೆ, ಅಷ್ಟೇ. ಬಿಚ್ಚದ ಸಾದಾ ಕೇಕ್ ಟಿನ್ ಮಾತ್ರ ಬೇಡ. ಕೇಕ್ ಥರ ಬೋರಲು ಹಾಕೋಕೆ ಟಾರ್ಟ್‌ನಲ್ಲಿ ಆಗಲ್ಲ, ಹೂರಣ ನೆಲಕ್ಕೆ.

ಪ್ಯಾನೇ ಬೇಡ ಅಂದರೆ ಗ್ಯಾಲೆಟ್ ಮಾಡಿ. ಕಣಕ ಲಟ್ಟಿಸಿ, ನಡುವೆ ಹಣ್ಣು ಇಟ್ಟು, ಅಂಚು ಒಳಗೆ ಮಡಚಿ ಟ್ರೇ ಮೇಲೆ ಬೇಯಿಸೋದು. ನಮ್ಮ ಬೇಕರಿ ದಿಲ್‌ಪಸಂದನ್ನೂ ಅಚ್ಚಿಲ್ಲದೆ ಟ್ರೇ ಮೇಲೆ ಬೇಯಿಸುತ್ತಾರಲ್ವಾ? ಆದರೆ ಮಾವಿನ ಟಾರ್ಟ್‌ಗೆ ಕಸ್ಟರ್ಡ್ ಥರದ ಕೆನೆ ತುಂಬಬೇಕು. ಅದಕ್ಕೆ ಗೋಡೆ ಬೇಕೇ ಬೇಕು.

ಪಾತ್ರೆ ಅಂಗಡಿ (ಹುಬ್ಬಳ್ಳಿ)

ಅಕ್ಕಾರ, ನಮ್ಮ ಅಪ್ಪನದು ಪಾತ್ರೆ ಅಂಗಡಿ, ಈಗ ನಾನು ನೋಡಿಕೊಳ್ಳುತ್ತೇನೆ. ನಿಮ್ಮ ಸ್ಟೀಲ್ ತಟ್ಟೆ ಯಾಕೆ ಕೈಕೊಟ್ಟಿತು ಅಂತ ಹೇಳುತ್ತೇನೆ. ಸ್ಟೇನ್‌ಲೆಸ್ ಸ್ಟೀಲು ಶಾಖ ಹರಿಸುವುದರಲ್ಲಿ ಬಹಳ ಸೋಮಾರಿ. ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಮೀರಿ ಚುರುಕು. ಮೇಲಾಗಿ ಊಟದ ತಟ್ಟೆ ಕನ್ನಡಿ ಥರ ಹೊಳೆಯುತ್ತೆ. ಓಟಿಜಿಯ ಕೆಂಪು ಕಾಯಿಲಿನ (ಕಾಯುವ ಕಂಬಿಯ) ಶಾಖವನ್ನು ಹೊಳೆಯುವ ಮೈ ವಾಪಸ್ ಕಳಿಸುತ್ತೆ. ತಳ ಹಸಿ ಉಳಿದಿದ್ದು ಅದಕ್ಕೇ.

ಅಂಗಡಿಯಲ್ಲಿ ಸಿಗುವ ಟಾರ್ಟ್ ಪ್ಯಾನುಗಳು ಹೆಚ್ಚಾಗಿ ಮೂರು ಥರ. ಅಲ್ಯೂಮಿನಿಯಂ, ತವರದ ಲೇಪ ಇರುವ ಕಬ್ಬಿಣದ ತಗಡು, ಮತ್ತೆ ಕಪ್ಪು ನಾನ್‌ಸ್ಟಿಕ್. ಈ ತವರ ಬೇರೆ ಏನೂ ಅಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದೆವಲ್ಲ, ಅದೇ. ಕಲಾಯಿಯವನು ಕೆಂಡದ ಮೇಲೆ ಪಾತ್ರೆ ಇಟ್ಟು, ನವಸಾಗರ ಉದುರಿಸಿ, ತವರದ ಕಡ್ಡಿ ಮುಟ್ಟಿಸಿದ ಕೂಡಲೇ ನೀರಿನ ಹಾಗೆ ಕರಗಿ ಹರಿಯುತ್ತಿತ್ತು. ಬಟ್ಟೆಯಿಂದ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿ. ಚಿಕ್ಕವನಿದ್ದಾಗ ಅದನ್ನು ನೋಡೋಕೆ ಶಾಲೆ ತಪ್ಪಿಸಿ ನಿಲ್ಲುತ್ತಿದ್ದೆ.

ತವರ ಕರಗೋದು 232 ಡಿಗ್ರಿಗೆ. ಓಟಿಜಿಯ ಗುಂಡಿ 250ರವರೆಗೆ ತಿರುಗುತ್ತೆ. 180ರಲ್ಲಿ ಟಾರ್ಟ್ ಬೇಯಿಸುವಾಗ ಏನೂ ಭಯವಿಲ್ಲ. ಖಾಲಿ ತವರದ ಪ್ಯಾನನ್ನು ಮೇಲಿನ ಕಾಯಿಲ್ ಹತ್ತಿರ 250ಕ್ಕೆ ಇಟ್ಟು ಮರೆತುಬಿಡಬೇಡಿ, ಅಷ್ಟೇ.

ಕೈಗೆತ್ತಿಕೊಂಡು ನೋಡುವಾಗ ಎರಡು ಕೆಲಸ ಮಾಡಿ. ಒಂದು, ತಳದ ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟು ಬೆರಳಿಂದ ಒತ್ತಿ. ಅಲ್ಲಾಡಿದರೆ ಬೇಡ, ಸೊಟ್ಟಗಿದೆ ಅಂತ ಅರ್ಥ. ಇನ್ನೊಂದು, ಬಳೆಯ, ಅಂದರೆ ಸುತ್ತಲಿನ ಗೋಡೆಯ, ಒಳಗೆ ಬಿಲ್ಲೆ ಕೂರುವ ಪಟ್ಟಿಯನ್ನು ಬೆರಳಿಂದ ಸವರಿ ನೋಡಿ. ಮುಳ್ಳಿನ ಹಾಗೆ ಚುಚ್ಚಿದರೆ ತಗಡನ್ನು ಸರಿಯಾಗಿ ಉಜ್ಜಿಲ್ಲ. ಅಂಥದ್ದನ್ನು ತೊಳೆಯುವಾಗ ಕೈ ಕೊಯ್ಯುತ್ತೆ.

ಕುಡ್ಲದ ಬೆಣ್ಣೆ (ಮಂಗಳೂರು)

ತವರದ್ದು ನಮ್ಮ ಕರಾವಳಿಗೆ ಆಗಿಬರುವುದಿಲ್ಲ ಮಾರಾಯ್ರೆ! ನನ್ನದು ಏಪ್ರಿಲ್‌ನಲ್ಲಿ ತಂದಿದ್ದು. ಜೂನ್‌ನಲ್ಲಿ ಮಳೆ ಹಿಡಿಯಿತು, ಕಪಾಟಿನಿಂದ ತೆಗೆದು ನೋಡಿದರೆ ಅಂಚಿನ ನೆರಿಗೆ ನೆರಿಗೆಯ ಸಂದಿಯಲ್ಲೂ ತುಕ್ಕು. ಸ್ಟೀಲ್ ನಾರಿನಲ್ಲಿ ತಿಕ್ಕಿದೆ, ತುಕ್ಕಿನ ಜೊತೆ ತವರವೂ ಹೋಯಿತು. ಆಮೇಲೆ ತುಕ್ಕು ಇನ್ನೂ ಜೋರು.

ಇಟ್ಟುಕೊಂಡವರು ತೊಳೆದ ತಕ್ಷಣ ಒರೆಸಿ, ಆಫ್ ಮಾಡಿದ ಓಟಿಜಿ ಇನ್ನೂ ಬಿಸಿ ಇರುವಾಗ ಹತ್ತು ನಿಮಿಷ ಒಳಗಿಡಿ. ಬಿಲ್ಲೆ ಬೇರೆ, ಬಳೆ ಬೇರೆ ಮಾಡಿ ಇಡಬೇಕು. ಎರಡೂ ಸೇರುವ ಕಡೆಯೇ ನೀರು ಕೂರುವುದು. ಇಷ್ಟೆಲ್ಲ ಯಾರಿಗೆ ಬೇಕು ಅಂತ ನಾನು ಅಲ್ಯೂಮಿನಿಯಂಗೆ ಬದಲಾದೆ. ಅದರಲ್ಲೂ ಒಂದು ಎಚ್ಚರ: ನಿಂಬೆ ಹೂರಣ ಮಿಕ್ಕಿದೆ ಅಂತ ಬರಿ ಪ್ಯಾನಿಗೇ ಸುರಿದು ಇಡಬೇಡಿ. ಹುಳಿಗೂ ಬರಿ ಅಲ್ಯೂಮಿನಿಯಂಗೂ ಆಗುವುದಿಲ್ಲ, ಲೋಹದ ರುಚಿ ಬರುತ್ತದೆ. ಕಣಕದ ಚಿಪ್ಪು ನಡುವೆ ಇದ್ದರೆ ತೊಂದರೆ ಇಲ್ಲ.

ರೈನ್ ದಂಡೆ (ಜರ್ಮನಿ)

ನನ್ನ ಕಥೆ ಕೇಳಿ, ನಗು ಬರುತ್ತೆ. ಇಲ್ಲಿನ ಅಂಗಡಿಗಳಲ್ಲಿ ಟಾರ್ಟ್ ಅಚ್ಚು ಅಂದರೆ ಸಾಮಾನ್ಯವಾಗಿ ಕಾಣುವುದು 28 ಸೆಂ.ಮೀ. ತಳ ಕಳಚುವಂಥದ್ದಕ್ಕೆ "ಹೇಬೆಬೋಡನ್" ಅಂತಾರೆ, ಎತ್ತುವ ತಳ ಅಂತ. ದಾವಣಗೆರೆಯಲ್ಲಿರುವ ಅಕ್ಕನಿಗೆ ಅಂತ ಚೆಂದದ್ದೊಂದು ತಗೊಂಡು, ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಜೋಪಾನ ಮಾಡಿ ತಂದೆ. ಅಕ್ಕನ ಓಟಿಜಿ ಬಾಗಿಲು ಹಾಕೋಕೇ ಆಗಲಿಲ್ಲ. ಈಗ ಆ ಬಳೆ ಗೂಡಲ್ಲಿದೆ, ಬಿಲ್ಲೆ ಮಾತ್ರ ಚಪಾತಿ ಡಬ್ಬಿ ಕೆಳಗೆ ಇಡೋಕೆ ಬಳಕೆಯಲ್ಲಿದೆ.

ರೆಸಿಪಿಯದ್ದೂ ಅದೇ ಗೋಳು. ಇಲ್ಲಿನ 28ರ ರೆಸಿಪಿಯನ್ನು 23ರ ಪ್ಯಾನಿಗೆ ಹಾಕಿದರೆ ಮೂರನೇ ಒಂದು ಪಾಲು ಹೂರಣ ಹೊರಗೆ.

ಅರ್ಧಕಪ್ (ಬೆಂಗಳೂರು)

ಆ ಲೆಕ್ಕ ಎಲ್ಲರಿಗೂ ಬೇಕಾಗುತ್ತೆ, ಇಲ್ಲೇ ಬರೆದುಬಿಡುತ್ತೇನೆ. ಪ್ಯಾನಿನ ಅಗಲವನ್ನು ಅದರಿಂದಲೇ ಗುಣಿಸಿ. 9 ಇಂಚಿಗೆ 81, 8 ಇಂಚಿಗೆ 64. ಎತ್ತರ ಎರಡರಲ್ಲೂ ಒಂದೇ ಇದ್ದರೆ, 9ರ ರೆಸಿಪಿಯಲ್ಲಿ ನೂರು ಗ್ರಾಂ ಇದ್ದ ಕಡೆ 8ಕ್ಕೆ 79 ಗ್ರಾಂ ಸಾಕು. ಒಂದು ಇಂಚು ತಾನೇ ಅನ್ನಿಸುತ್ತೆ, ಆದರೆ ಹೋಗೋದು ಐದನೇ ಒಂದು ಪಾಲು. 10 ಇಂಚಿಗೆ ಹೋದರೆ 100, ಅಂದರೆ ಕಾಲು ಪಾಲಿನಷ್ಟು ಜಾಸ್ತಿ.

ಪಿಂಗಾಣಿ ಪ್ರಿಯೆ (ಧಾರವಾಡ)

ಎಲ್ಲರೂ ಲೋಹದ ಪರವೇ ಮಾತಾಡುತ್ತಿದ್ದೀರಿ. ನನ್ನ ಹತ್ತಿರ ಬಿಳಿ ಪಿಂಗಾಣಿಯದು ಇದೆ. ಊಟದ ಮೇಜಿಗೆ ನೇರ ಒಯ್ಯಬಹುದು, ಎಷ್ಟು ಚೆಂದ ಕಾಣುತ್ತೆ ಗೊತ್ತಾ? ಮೊಟ್ಟೆ, ತರಕಾರಿ, ಚೀಸ್ ಹಾಕಿ ಕೀಶ್ ಮಾಡೋಕೆ ಅದೇ ಸರಿ. ಕೀಶ್‌ಗೆ ಹೇಗೂ ಎತ್ತರ ಬೇಕು, ಒಂದು ಇಂಚಿನ ಪ್ಯಾನಿನಲ್ಲಿ ಮೊಟ್ಟೆ ಹಾಲು ಉಕ್ಕಿ ಕಾಯಿಲ್ ಮೇಲೆ ಸುರಿಯುತ್ತೆ.

ಒಪ್ಪಿಕೊಳ್ಳಬೇಕಾದ್ದು: ಪಿಂಗಾಣಿ ಬಿಸಿಯಾಗೋಕೆ ಹೊತ್ತು ಹಿಡಿಯುತ್ತೆ. ಮೊದಲ ತುಂಡು ಎಬ್ಬಿಸುವಾಗ ಒಡೆದೇ ಒಡೆಯುತ್ತೆ. ಅದು ಅಡುಗೆ ಮಾಡಿದವರ ಪಾಲು ಅಂತ ನಮ್ಮನೆಯಲ್ಲಿ ಕಾನೂನು.

ಗಾಜಿನದಾದರೆ ತಳ ಬೆಂದಿದೆಯಾ ಅಂತ ಕೆಳಗಿಂದ ನೋಡಬಹುದು, ಕಲಿಯುವವರಿಗೆ ಒಳ್ಳೆಯದು. ಆದರೆ ಫ್ರಿಜ್‌ನಿಂದ ತೆಗೆದ ಕೂಡಲೇ ಬಿಸಿ ಓವನ್ನಿಗೆ ಇಡಬೇಡಿ. ನಮ್ಮ ಪಕ್ಕದ ಮನೆಯವರದು ಹಾಗೆ ಇಟ್ಟು ಢಂ ಅಂತ ಎರಡು ಹೋಳಾಯಿತು.

ಅರ್ಧಕಪ್ (ಬೆಂಗಳೂರು)

ಅಲ್ಲೇ ತೊಂದರೆ ಇರೋದು. ನಮ್ಮ ಮೇ ತಿಂಗಳ ಸೆಕೆಯಲ್ಲಿ ಕಣಕವನ್ನು ಪ್ಯಾನ್ ಸಮೇತ ತಣ್ಣಗೆ ಮಾಡಲೇಬೇಕು, ಇಲ್ಲದಿದ್ದರೆ ಬೆಣ್ಣೆ ಕರಗಿ ಗೋಡೆ ಜಾರಿ ತಳಕ್ಕೆ ಬರುತ್ತೆ. ಫ್ರೀಜರಿನಿಂದ ನೇರ ಓವನ್ನಿಗೆ ಹೋಗೋಕೆ ತೆಳು ಲೋಹವೇ ಸರಿ. ಮಾವಿನ ಟಾರ್ಟ್‌ಗೆ ನನ್ನ ವೋಟು ಅದಕ್ಕೇ.

ಸಿಲಿಕಾನ್ ಬಗ್ಗೆ ಯಾರೂ ಕೇಳಲಿಲ್ಲ, ಕೇಳೋದೂ ಬೇಡ. ಎತ್ತಿದರೆ ಬಳುಕುತ್ತೆ, ಚಿಪ್ಪು ಬಿರುಕು ಬಿಡುತ್ತೆ, ಬಣ್ಣವೂ ಬರಲ್ಲ.

ಡೊಂಬಿವಲಿ ಕನ್ನಡಿಗ (ಮುಂಬೈ ಹತ್ತಿರ)

ಮುಂಬೈ ಕಡೆ ಬರುವವರು ಯಾರಾದರೂ ಇದ್ದರೆ ಕ್ರಾಫರ್ಡ್ ಮಾರ್ಕೆಟ್‌ಗೆ ಹೋಗಿ. ಕೇಕ್ ಸಾಮಾನು ಅಲ್ಲಿ ರಾಶಿ ರಾಶಿ. ನಾನು ಅಲ್ಲಿ ತೂತಿನ ಬಳೆ ತಗೊಂಡೆ. ಅದಕ್ಕೆ ತಳವೇ ಇಲ್ಲ. ಎರಡು ಸೆಂ.ಮೀ ಎತ್ತರದ ಸ್ಟೀಲ್ ಪಟ್ಟಿ, ಮೈತುಂಬ ಸಣ್ಣ ತೂತು. ಟ್ರೇ ಮೇಲೆ ತೂತಿನ ಮ್ಯಾಟ್ ಹಾಸಿ ಅದರ ಮೇಲೆ ಬಳೆ ಇಟ್ಟು, ಕಣಕವನ್ನು ಪಟ್ಟಿ ಮಾಡಿ ಒಳಗೆ ಅಂಟಿಸೋದು. ಹಬೆ ತೂತಿನಲ್ಲಿ ಹೊರಗೆ ಹೋಗುವುದರಿಂದ ಕಾಳಿನ ಭಾರ (ಕಣಕ ಉಬ್ಬದ ಹಾಗೆ ಒಳಗೆ ಕಾಳು ತುಂಬುತ್ತಾರಲ್ಲ, ಅದು) ಇಡದೆಯೂ ಚಿಪ್ಪು ನೆಟ್ಟಗೆ ನಿಲ್ಲುತ್ತೆ. ಫ್ರೆಂಚ್ ಅಂಗಡಿಗಳಲ್ಲಿ ಕಾಣುವ, ಗೋಡೆ ಸೀದಾ ಇರುವ ಟಾರ್ಟ್ ಹೀಗೇ ಆಗೋದು.

ಆದರೆ ಮೊದಲ ಟಾರ್ಟ್‌ಗೆ ಇದನ್ನು ತಗೊಳ್ಳಿ ಅಂತ ಹೇಳಲ್ಲ. ಕಣಕ ಸ್ವಲ್ಪ ಮೆತ್ತಗಾದರೂ ತೂತಿನೊಳಗೆ ಹೊಕ್ಕಿ ಕೂರುತ್ತೆ. ನಾನು ಒಂದು ಸಂಜೆಯಿಡೀ ಟೂತ್‌ಪಿಕ್ ಹಿಡಿದು ತೂತು ಬಿಡಿಸಿದ್ದೇನೆ.

ಬಾದಾಮಿಪುರಿ (ಮೈಸೂರು)

ಅಳೆದೆ! ಬಾಗಿಲು ಹಾಕಿದರೆ ಆಳ 26 ಸೆಂ.ಮೀ. ಅಡ್ಡಕ್ಕೆ 34. 9 ಇಂಚಿನದು ಇಟ್ಟರೆ ಹಿಂದೆ ಮುಂದೆ ಒಂದೊಂದು ಸೆಂಟಿಮೀಟರ್ ಉಳಿಯುತ್ತೆ ಅಷ್ಟೇ. ಅಂದರೆ 8 ಇಂಚು, ಅಲ್ವಾ? ಏಳು ಜನ ಇರುತ್ತೇವೆ, ಸಾಕಾಗುತ್ತಾ?

ಅರ್ಧಕಪ್ (ಬೆಂಗಳೂರು)

8 ಇಂಚೇ. ಕೆನೆ, ಬೆಣ್ಣೆ ಇರುವ ತಿಂಡಿ, ಎಂಟು ತುಂಡು ಆರಾಮಾಗಿ ಬರುತ್ತೆ. ಒಂದು ನಿಮಗೆ ಮಾರನೇ ದಿನ ಬೆಳಿಗ್ಗೆ ಕಾಫಿ ಜೊತೆ.

ಕುಡ್ಲದ ಬೆಣ್ಣೆ (ಮಂಗಳೂರು)

ಸಾದಾ ಅಂಚಾ, ನೆರಿಗೆ ಅಂಚಾ ಅಂತ ಕೇಳಿದರೆ ನೆರಿಗೆ. ಬರೀ ಚೆಂದಕ್ಕೆ ಅಲ್ಲ. ಮಡಿಕೆ ಇದ್ದರೆ ತೆಳು ಗೋಡೆಗೂ ಬಲ ಬರುತ್ತದೆ, ಕಾಗದ ಮಡಚಿದರೆ ನಿಲ್ಲುವುದಿಲ್ಲವಾ ಹಾಗೆ. ಕಣಕವನ್ನು ಪ್ರತಿ ನೆರಿಗೆಯೊಳಗೆ ಹೆಬ್ಬೆರಳಿನ ಪಕ್ಕದಿಂದ ಒತ್ತಿ. ಸಂದಿ ಬಿಟ್ಟರೆ ಅಲ್ಲಿ ಗಾಳಿ ಕೂತು ಚಿಪ್ಪು ಕುಸಿಯುತ್ತದೆ.

ಬಾದಾಮಿಪುರಿ (ಮೈಸೂರು)

ಅರಸು ರಸ್ತೆ ಕಡೆ ಹೋಗಿದ್ದಾಗ ಒಂದು ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಟೇಪು ತೆಗೆದು ಅಳೆಯೋಕೆ ಶುರು ಮಾಡಿದರೆ ಅಂಗಡಿಯವರು ಬ್ಲೌಸ್ ಹೊಲಿಸ್ತೀರಾ ಅನ್ನೋ ಥರ ನೋಡಿದರು. ಮೊದಲು ಕೊಟ್ಟ ಪ್ಯಾನಿನ ಬಿಲ್ಲೆ ಮೇಜಿನ ಮೇಲೆ ಟಕಟಕ ಅಂತ ಅಲ್ಲಾಡಿತು. ಎರಡನೆಯದೂ ಹಾಗೇ. ಮೂರನೆಯದು ಸಮವಾಗಿ ಕೂತಿತು. 8 ಇಂಚು, ಅಲ್ಯೂಮಿನಿಯಂ, ನೆರಿಗೆ ಅಂಚು, ಒಳಗಡೆ ಅಳೆದರೆ 20 ಸೆಂ.ಮೀ. ಪಾತ್ರೆ ಅಂಗಡಿಯವರಿಗೆ ದೊಡ್ಡ ನಮಸ್ಕಾರ.

ಕಪ್ಪು ನಾನ್‌ಸ್ಟಿಕ್ ಕೂಡ ಇತ್ತು, ಅಂಟಲ್ಲ ಅಂತ ಹೇಳಿದರು. ಬಿಟ್ಟುಬಂದೆ. ಸರಿ ಮಾಡಿದೆನಾ?

ಪಾತ್ರೆ ಅಂಗಡಿ (ಹುಬ್ಬಳ್ಳಿ)

ಸರಿನೇ ಮಾಡಿದಿರಿ ಅಕ್ಕಾರ. ಕಪ್ಪು ಕೆಟ್ಟದ್ದಲ್ಲ. ಕಪ್ಪು ಮೈ ಶಾಖ ಬೇಗ ಹೀರುತ್ತೆ, ತಳ ಚೆನ್ನಾಗಿ ಕಂದಾಗುತ್ತೆ. ಉಷ್ಣತೆ 10ರಿಂದ 15 ಡಿಗ್ರಿ ಇಳಿಸಿಕೊಂಡರಾಯಿತು. ಆದರೆ ಜನ ಅದರ ಬಿಲ್ಲೆ ಮೇಲೇ ಚಾಕು ಹಾಕಿ ಕೊಯ್ಯುತ್ತಾರೆ, ಮೂರನೇ ಸಲಕ್ಕೆ ಲೇಪ ಎದ್ದುಬರುತ್ತೆ. ಟಾರ್ಟ್ ಕಣಕದಲ್ಲಿ ಇಷ್ಟು ಬೆಣ್ಣೆ ಇರುವಾಗ ಅಂಟುವ ಭಯ ಹೇಗೂ ಕಡಿಮೆ.

ಅರ್ಧಕಪ್ (ಬೆಂಗಳೂರು)

ಈಗ ಮೊದಲ ಸಲಕ್ಕೆ ಎರಡು ಮಾತು. 8 ಇಂಚಿಗೆ ಮೈದಾ 150 ಗ್ರಾಂ, ಉಪ್ಪಿಲ್ಲದ ತಣ್ಣನೆ ಬೆಣ್ಣೆ 90, ಸಕ್ಕರೆ ಪುಡಿ 45, ಒಂದು ಮೊಟ್ಟೆಯ ಹಳದಿ. ಮೊಟ್ಟೆ ಬೇಡದವರು ತಣ್ಣನೆ ಹಾಲು ಒಂದೂವರೆ ಚಮಚ, ದೊಡ್ಡ ಚಮಚ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ಕೂಡಿ ಬಂದರೆ ಸಾಕು. 3 ಮಿ.ಮೀ ದಪ್ಪಕ್ಕೆ ಲಟ್ಟಿಸಿ ಪ್ಯಾನಿಗೆ ಕೂರಿಸಿ, ಫೋರ್ಕಿನಿಂದ ತಳಕ್ಕೆಲ್ಲ ಚುಚ್ಚಿ, ಅರ್ಧ ಗಂಟೆ ಫ್ರೀಜರ್. ಆಮೇಲೆ ಬೇಕಿಂಗ್ ಪೇಪರ್ ಹಾಸಿ ಅದರ ಮೇಲೆ ಅಂಚಿನವರೆಗೂ ಕಾಳು ತುಂಬಿ 180ಕ್ಕೆ ಹದಿನೆಂಟು ನಿಮಿಷ, ಕಾಳು ತೆಗೆದು ಇನ್ನೊಂದು ಹತ್ತು. ರಾಜ್ಮಾ, ಕಡಲೆ ಯಾವುದಾದರೂ ಆಗುತ್ತೆ. ಅದನ್ನು ಆಮೇಲೆ ಸಾರಿಗೆ ಹಾಕಬೇಡಿ, ಬೇಯಲ್ಲ. ಡಬ್ಬಿಗೆ ಹಾಕಿ ಮೇಲೆ ಬರೆದಿಡಿ. ನಮ್ಮ ಅಮ್ಮ ಒಮ್ಮೆ ಗೊತ್ತಿಲ್ಲದೆ ಅದನ್ನೇ ನೆನೆಸಿ, ಕುಕ್ಕರ್ ಎಂಟು ಸೀಟಿ ಹೊಡೆಸಿ ನನ್ನನ್ನು ಬೈದರು.

ಬಿಚ್ಚುವ ತಳದ ಸಂದಿಯಲ್ಲಿ ಬೆಣ್ಣೆ ಜಿನುಗುತ್ತೆ. ಕೆಳಗಿನ ಕಾಯಿಲ್ ಮೇಲೆ ಬಿದ್ದರೆ ಮನೆಯೆಲ್ಲ ಹೊಗೆ. ಅದಕ್ಕೆ ಕೆಳಗೆ ಟ್ರೇ ಇಡಿ. ಆದರೆ ತಣ್ಣನೆ ಟ್ರೇ ಇಟ್ಟರೆ ತಳಕ್ಕೆ ಶಾಖ ತಡವಾಗಿ ಮುಟ್ಟುತ್ತೆ. ಓಟಿಜಿ ಕಾಯಿಸುವಾಗಲೇ ಟ್ರೇ ಒಳಗಿರಲಿ, ಬಿಸಿ ಟ್ರೇ ಮೇಲೆ ಪ್ಯಾನ್ ಇಡಿ.

ಸುಮ್ನೆ ಕೇಳ್ದೆ (ತುಮಕೂರು)

ನಮ್ಮದು ಕನ್ವೆಕ್ಷನ್ (ಬಿಸಿ ಗಾಳಿಯಲ್ಲಿ ಬೇಯಿಸೋದು) ಇರುವ ಮೈಕ್ರೋವೇವ್. ಲೋಹದ ಪ್ಯಾನ್ ಇಡಬಹುದಾ? (ಹೌದು, ನಮ್ಮನೆಯವರ ಮಾತು ಮೀರಿ ತಗೊಳ್ಳೋ ಯೋಚನೆ ಬಂದಿದೆ.)

ರೈನ್ ದಂಡೆ (ಜರ್ಮನಿ)

ಕನ್ವೆಕ್ಷನ್ ಮಾತ್ರ ಓಡುವಾಗ ಇಡಬಹುದು, ಜೊತೆಗೆ ಬಂದಿರುವ ಸ್ಟ್ಯಾಂಡ್ ಮೇಲೆ. ಮೈಕ್ರೋವೇವ್ ಮೋಡ್‌ನಲ್ಲಿ, ಎರಡೂ ಸೇರಿದ ಕಾಂಬಿ ಮೋಡ್‌ನಲ್ಲಿ ಇಡಬೇಡಿ. ಕಿಡಿ ಹಾರುತ್ತೆ. ತಟ್ಟೆ ತಿರುಗುವಾಗ ಗೋಡೆಗೆ ತಾಗದ ಹಾಗೆ ಅಳತೆ ನೋಡಿಕೊಳ್ಳಿ.

ಬಾದಾಮಿಪುರಿ (ಮೈಸೂರು)

ಆಯಿತು, ನಿನ್ನೆ ಹುಟ್ಟುಹಬ್ಬ ಮುಗಿಯಿತು. ಚಿಪ್ಪು ಚಿನ್ನದ ಬಣ್ಣ, ತಳ ತಟ್ಟಿದರೆ ಬಿಸ್ಕತ್ತಿನ ಸದ್ದು. ಒಳಗೆ ಕಸ್ಟರ್ಡ್ ಕೆನೆ, ಮೇಲೆ ಎರಡು ಬಾದಾಮಿ ಮಾವಿನ ಹೋಳು ಸುತ್ತಲೂ ಜೋಡಿಸಿದೆ.

ಒಂದು ಎಡವಟ್ಟು ಮಾತ್ರ ಆಯಿತು. ಚಿಪ್ಪು ಓವನ್ನಿಂದ ಬಂದ ಕೂಡಲೇ ಉತ್ಸಾಹದಲ್ಲಿ ಅಂಗೈ ಮೇಲೆ ಬಟ್ಟೆ ಹಾಕಿಕೊಂಡು ಬಿಲ್ಲೆಯನ್ನು ಕೆಳಗಿಂದ ಮೇಲೆ ತಳ್ಳಿದೆ. ಬಿಲ್ಲೆ ಮೇಲೆ ಬಂತು, ಬಿಸಿ ಬಳೆ ಸರ್ರಂತ ಜಾರಿ ಮೊಣಕೈಗೆ ಕೂತಿತು. ಒಂದು ಕೈಯಲ್ಲಿ ಟಾರ್ಟು, ಅದೇ ಕೈಗೆ ಸುಡುವ ಬಳೆ, ಕೆಳಗಿಡೋಕೆ ಜಾಗ ಇಲ್ಲ! ಅತ್ತೆ ಓಡಿಬಂದು ಟಾರ್ಟ್ ಹಿಡಿದುಕೊಂಡರು. ಕೈ ಮೇಲೆ ಅರ್ಧಚಂದ್ರದ ಗುರುತು ಬಿದ್ದಿದೆ, ನೆರಿಗೆ ಸಮೇತ.

ಅರ್ಧಕಪ್ (ಬೆಂಗಳೂರು)

ಅಯ್ಯೋ, ಅದನ್ನೇ ಹೇಳೋಕೆ ಮರೆತೆ, ತಪ್ಪಾಯಿತು. ಪೂರ್ತಿ ಆರಲಿ. ಆಮೇಲೆ ಪ್ಯಾನಿಗಿಂತ ಚಿಕ್ಕ ಬಾಯಿಯ ಡಬ್ಬಿಯನ್ನು ಬೋರಲು ಇಟ್ಟು ಅದರ ಮೇಲೆ ಪ್ಯಾನ್ ಇಡಿ. ಬಳೆ ತಾನಾಗೇ ಕೆಳಗೆ ಬೀಳುತ್ತೆ. ನಾನು ಬೇಳೆ ಡಬ್ಬಿ ಇಡುತ್ತೇನೆ. ಕೈ ಹೇಗಿದೆ ಈಗ?

ಬಾದಾಮಿಪುರಿ (ಮೈಸೂರು)

ಕೂಡಲೇ ನಲ್ಲಿ ನೀರಿನ ಕೆಳಗೆ ಹಿಡಿದೆ, ಬೊಬ್ಬೆ ಬಂದಿಲ್ಲ. ಈಗ ಮಗಳ ಹೊಸ ಬೇಡಿಕೆ: ಗೆಳತಿಯರಿಗೆ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಟಾರ್ಟ್ ಬೇಕಂತೆ. 4 ಇಂಚಿನವು ಎಷ್ಟು ತಗೊಳ್ಳಲಿ? ಇದೇ ರೆಸಿಪಿ ಸಾಕಾ?

ಪಾತ್ರೆ ಅಂಗಡಿ (ಹುಬ್ಬಳ್ಳಿ)

ಅರ್ಧಕಪ್ ಅವರ ಲೆಕ್ಕವನ್ನೇ ಹಾಕಿ ಅಕ್ಕಾರ. 4ನ್ನು 4ರಿಂದ ಗುಣಿಸಿದರೆ 16. ಅಂಥವು ನಾಲ್ಕು ಸೇರಿದರೆ 64, ನಿಮ್ಮ 8 ಇಂಚಿನಷ್ಟೇ. ಎತ್ತರ ಒಂದೇ ಇದ್ದರೆ ಕೆನೆ ಅಷ್ಟೇ ಸಾಕು. ಆದರೆ ಅಂಚಿನ ಉದ್ದ ಎರಡು ಪಟ್ಟಾಗುತ್ತೆ, ಹಾಗಾಗಿ ಕಣಕ ಜಾಸ್ತಿ ಬೇಕು. ನಾಲ್ಕಕ್ಕೆ ಮೈದಾ 200 ಗ್ರಾಂ ಇಟ್ಟುಕೊಂಡು ಉಳಿದದ್ದನ್ನೂ ಅದೇ ಪ್ರಮಾಣದಲ್ಲಿ ಏರಿಸಿ. ಆರು ಪ್ಯಾನ್ ತಗೊಂಡರೆ ನಿಮ್ಮ ಟ್ರೇಯಲ್ಲಿ ಒಂದೇ ಸಲಕ್ಕೆ ಕೂರುತ್ತವೆ, ಅಡ್ಡಕ್ಕೆ ಮೂರು, ಆಳಕ್ಕೆ ಎರಡು. ತಗೊಳ್ಳುವ ಮುಂಚೆ ಟ್ರೇಯನ್ನೂ ಒಮ್ಮೆ ಅಳೆಯಿರಿ.

ಬಾದಾಮಿಪುರಿ (ಮೈಸೂರು)

ಟ್ರೇ 32ಕ್ಕೆ 23. ಅಂಚು ಸೇರಿ ಒಂದೊಂದು ಹತ್ತೂವರೆ ಸೆಂಟಿಮೀಟರ್ ಮೀರದಿದ್ದರೆ ಆರೂ ಕೂರುತ್ತವೆ. ಶನಿವಾರ ಅದೇ ಅಂಗಡಿಗೆ ಹೋಗುತ್ತೇನೆ. ಟೇಪು ನೋಡಿದ ಕೂಡಲೇ ಅವರಿಗೆ ನನ್ನ ಗುರುತು ಸಿಗುತ್ತೆ ಬಿಡಿ.